ಬೊಗಸೆ ನೀರಿನ ಮಾತು

ನನ್ನ ಅತ್ತೆಯ ಬಲಗೈಯ ತೋರುಬೆರಳಿನಲ್ಲಿ ಒಂದು ಗೆರೆ ಇತ್ತು. ಕೈ ನೋಡಿ ಭವಿಷ್ಯ ಹೇಳುವವರ ಗೆರೆಯಲ್ಲ, ರೇಷ್ಮೆಯ ಎಳೆ ಜಾರಿ ಜಾರಿ ಕೊರೆದ ಗೆರೆ. ಮೊಳಕಾಲ್ಮೂರಿನ ನಮ್ಮ ನೇಯ್ಗೆಯ ಮನೆಯಲ್ಲಿ ಬುದ್ಧಿ ಬಂದಾಗಿನಿಂದ ರಾಟೆ ತಿರುಗಿಸಿದ ಕೈ ಅದು. ಅದೇ ಗೆರೆಯೊಳಗೆ ಗಾಳದ ದಾರವನ್ನು ಕೂರಿಸಿಕೊಂಡು ಅವಳು ಮೀನು ಹಿಡಿಯುತ್ತಿದ್ದಳು. ಮೀನು ಬಂದು ಮೂಸಿ ಹೋದರೂ ಬೆರಳಿಗೆ ಗೊತ್ತಾಗುತ್ತದೆ ಎನ್ನುತ್ತಿದ್ದಳು. ನಾನೋ, ನಿದ್ದೆ ಬರುವ ತನಕ ಆ ಗೆರೆಯನ್ನು ಹೆಬ್ಬೆರಳಿನಿಂದ ಸವರುತ್ತಾ ಮಲಗುತ್ತಿದ್ದೆ.

ಅವಳು ನನ್ನ ಅಪ್ಪನ ಅಕ್ಕ. ಗಂಡನ ಊರು ಕೆರೆಯ ಪಕ್ಕದ್ದು. ಗಾಳ ಹಾಕುವುದನ್ನು ಅಲ್ಲಿಯೇ ಕಲಿತಳು. ಗಂಡ ಬೇಗ ತೀರಿಕೊಂಡ, ಮಕ್ಕಳಿರಲಿಲ್ಲ. ತವರಿಗೆ ಮರಳಿ ಬರುವಾಗ ಅಲ್ಲಿಂದ ತಂದದ್ದು ಎರಡು ಸೀರೆ ಮತ್ತು ಒಂದು ಗಾಳ ಎಂದು ನಮ್ಮ ಓಣಿಯವರು ಹಾಸ್ಯ ಮಾಡುತ್ತಿದ್ದರು. ಪ್ಲೇಗಿನ ಕಾಲದಲ್ಲಿ ನನ್ನನ್ನು ಹೆತ್ತವಳು ಹೋದಳು. ಅಪ್ಪ ಚಳ್ಳಕೆರೆಯ ಎಣ್ಣೆ ಮಂಡಿಯೊಂದರಲ್ಲಿ ಕೆಲಸಕ್ಕೆ ಸೇರಿ ಅಲ್ಲಿಯೇ ಇನ್ನೊಂದು ಮದುವೆಯಾದ. ನಾನು ಅತ್ತೆಯ ಮಡಿಲಿಗೆ ಬಿದ್ದೆ.

ವರ್ಷಕ್ಕೊಮ್ಮೆ ಅತ್ತೆ ನೇಯ್ದ ಸೀರೆಗಳ ಗಂಟು ಕಟ್ಟಿಕೊಂಡು ಎತ್ತಿನ ಗಾಡಿಯಲ್ಲಿ ಚಳ್ಳಕೆರೆಗೆ ಹೊರಡುತ್ತಿದ್ದಳು. ಅಪ್ಪನ ಮುಖ ಮರೆಯಬಾರದೆಂದು ನನ್ನನ್ನೂ ಕರೆದೊಯ್ಯುತ್ತಿದ್ದಳು. ಆ ದಾರಿ ಈಗಲೂ ನನಗೆ ಕನಸಿನಲ್ಲಿ ಬರುತ್ತದೆ. ಸೀರೆಯ ಗಂಟಿಗೆ ತಲೆಯಿಟ್ಟು ಮಲಗಿದರೆ ಗಾಡಿ ನಿಂತಂತೆಯೂ ಕಲ್ಲುಗುಡ್ಡಗಳೇ ನಿಧಾನಕ್ಕೆ ನಡೆದು ಹೋದಂತೆಯೂ ಕಾಣುತ್ತಿತ್ತು. ಕಣ್ಣು ಮುಚ್ಚಿ ತೆರೆದರೆ ದಾರಿಯ ಪಕ್ಕದಲ್ಲಿ ಕೆರೆ ಬಂದಿರುತ್ತಿತ್ತು. ಎತ್ತುಗಳಿಗೆ ನೀರು, ನಮಗೆ ಬುತ್ತಿ, ಅತ್ತೆಗೆ ಗಾಳ. ಉಳಿದ ರೇಷ್ಮೆಯ ಎಳೆಗಳನ್ನು ಹೊಸೆದು ಮಾಡಿದ ಅವಳ ದಾರ ನೀರಿಗೆ ಬೀಳುವಾಗ ಒಂದು ಗಳಿಗೆ ಬಂಗಾರದಂತೆ ಹೊಳೆದು ಮಾಯವಾಗುತ್ತಿತ್ತು. ಜೋಳದ ದಂಟಿನ ಬೆಂಡು ನೀರಿನ ಮೇಲೆ ತೂಕಡಿಸುತ್ತಿತ್ತು. ಅತ್ತೆ ಜನರೊಡನೆ ಕನ್ನಡ, ತೆಲುಗು ಎರಡೂ ಆಡುತ್ತಿದ್ದಳು, ಮೀನಿನೊಡನೆ ಮಾತ್ರ ಬರೀ ತೆಲುಗು. “ಮೆಲ್ಲಗಾ, ಮೆಲ್ಲಗಾ” ಎಂದು ಪಿಸುಗುಟ್ಟುತ್ತಿದ್ದಳು.

ಆದರೆ ಕೆರೆಗೆ ಬಂದವರೆಲ್ಲ ಗಾಳ ಹಾಕುವಂತಿರಲಿಲ್ಲ. ಕೆರೆಯ ಮೀನು ಗುತ್ತಿಗೆದಾರನದು. ದಾರಿಹೋಕರು ಒಂದು ಹೊತ್ತಿನ ಸಾರಿಗಾಗುವಷ್ಟು ಹಿಡಿಯಬಹುದು. ಅದಕ್ಕೂ ಊರ ಶಾನುಭೋಗರ ಚೀಟಿ ಬೇಕು. ಬಲೆ ಕೂಡದು, ಗಾಳ ಮಾತ್ರ. ಮಕ್ಕಳಿಗೆ ಚೀಟಿ ಬೇಡ. ಯಾರು ಮಕ್ಕಳು ಎಂದು ತೀರ್ಮಾನಿಸುವವನು ಕೆರೆಯ ತೂಬು ಕಾಯುವ ನೀರಗಂಟಿ. ತಲೆಯ ಮೇಲಿಂದ ಕೈ ಹಾಯಿಸಿ ಆಚೆ ಕಡೆಯ ಕಿವಿ ಮುಟ್ಟು ಎನ್ನುತ್ತಿದ್ದ. ಮುಟ್ಟಿದರೆ ದೊಡ್ಡವರು, ಮುಟ್ಟದಿದ್ದರೆ ಮಕ್ಕಳು. ಆ ಮಕ್ಕಳೂ ತಾಯಿಯ ಜೊತೆಗೋ ತಂದೆಯ ಜೊತೆಗೋ ಇದ್ದರೆ ಮಾತ್ರ ನೀರಿನ ಬಳಿ ಹೋಗಬಹುದು. ಹಿಂದೆ ಯಾರೋ ನೆಂಟರ ಮಗುವನ್ನು ಕರೆತಂದು ಆ ಮಗು ಮುಳುಗಿ ಹೋಗಿತ್ತಂತೆ. ಅಂದಿನಿಂದ ಒಂದು ಕಟ್ಟಳೆ. ಏರಿಯ ಮೇಲಿನ ಗಂಗಮ್ಮನ ಕಲ್ಲಿನ ಮುಂದೆ ಬೊಗಸೆಯಲ್ಲಿ ಕೆರೆಯ ನೀರು ಹಿಡಿದು, ಈ ಮಗು ನನಗೇನಾಗಬೇಕು ಎಂದು ಹೇಳಿ ನೀರು ಬಿಡಬೇಕು. ಹಾಗೆ ಆಡಿದ ಮಾತನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ನನಗೆ ನೆನಪಿರುವ ಮೊದಲ ಪಯಣದಲ್ಲಿ ನನ್ನ ಕೈ ಕಿವಿಯ ಹತ್ತಿರಕ್ಕೂ ಹೋಗಲಿಲ್ಲ. ನೀರಗಂಟಿ ನಕ್ಕು, “ಹುಡುಗಿ ಏನಾಗ್ಬೇಕಮ್ಮ ನಿನಗೆ?” ಎಂದ.

ಅತ್ತೆ ಬೊಗಸೆ ತುಂಬಿಕೊಂಡು, “ನನ್ನ ತಮ್ಮನ ಮಗಳು” ಎಂದಳು.

“ಹಂಗಾದ್ರೆ ಆ ಹುಣಸೆ ಮರದ ಬುಡದಾಗೆ ಕುಂತ್ಕಳ್ಲಿ. ನೀರಿನ ತಾವ ಬರಂಗಿಲ್ಲ.”

ನಾನು ಅತ್ತ ಅಳುವಿಗೆ ಆ ದಿನ ಮೀನುಗಳೆಲ್ಲ ಆಚೆ ದಡಕ್ಕೆ ಓಡಿರಬೇಕು. ಗಾಡಿಯವನು ತಡೆಯಲಾರದೆ, “ಮಗಳು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತಕ್ಕ?” ಎಂದು ಕೇಳಿದ.

“ನೀರು ಕೈಯಾಗೆ ಹಿಡ್ಕಂಡು ಹೆಂಗಪ್ಪ ಸುಳ್ಳು ಹೇಳ್ಲಿ?” ಎಂದಳು ಅತ್ತೆ.

ಅವಳು ಹಾಗೆಯೇ. ಸೀರೆಯಲ್ಲಿ ಒಂದು ಎಳೆ ತಪ್ಪಿದ್ದರೆ ಸಾಹುಕಾರರಿಗೆ ತಾನೇ ಬೆರಳಿಟ್ಟು ತೋರಿಸುತ್ತಿದ್ದಳು. ಇಂಥವಳ ಜೊತೆಯಲ್ಲಿ ಬೆಳೆಯುವುದು ಸುಲಭವಲ್ಲ. ಪ್ರತಿ ವರ್ಷ ಅದೇ ಕೆರೆ, ಅದೇ ಪ್ರಶ್ನೆ, ಅದೇ ಹುಣಸೆ ಮರ. ಮರದ ಕೆಳಗೆ ಕುಳಿತು ನಾನು ಬರೀ ಕಡ್ಡಿಯನ್ನು ಮಣ್ಣಿನ ಮೇಲೆ ಚಾಚಿ, ನೆರಳುಗಳನ್ನು ಹಿಡಿಯುತ್ತಿದ್ದೆ.

ಆಮೇಲೆ ಒಂದು ವರ್ಷ ಅಪ್ಪನಿಂದ ಮಾತು ಬಂತು. ಚಿಕ್ಕಮ್ಮನಿಗೆ ಕೂಸು ಹುಟ್ಟಿದೆ, ಆಡಿಸಲು ಒಬ್ಬರು ಬೇಕು. ಈ ಸಲ ಹುಡುಗಿ ಇಲ್ಲಿಯೇ ಇರಲಿ, ಅವಳ ಬಟ್ಟೆಬರೆ ಎಲ್ಲ ತಂದುಬಿಡು ಎಂದು. ಅತ್ತೆಯ ಮಟ್ಟಿಗೆ ತಂದೆ ಕೇಳಿದ ಮೇಲೆ ಕೊಡಬೇಕು, ಅದು ನ್ಯಾಯ. ನನ್ನ ಲಂಗಗಳನ್ನು ಒಗೆದು ಮಡಿಸಿ ಗಂಟು ಕಟ್ಟಿದಳು. ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ ಬಾಚುವಾಗ ಅವಳ ಕೈ ನಡುನಡುವೆ ನಿಂತುಬಿಡುತ್ತಿತ್ತು. ಗಾಡಿಯಲ್ಲಿ ಆ ದಿನ ನನಗೆ ನಿದ್ದೆ ಬರಲಿಲ್ಲ. ಗುಡ್ಡಗಳು ನಡೆಯಲಿಲ್ಲ. ಅವಳ ಬೆರಳಿನ ಗೆರೆಯನ್ನು ಸವರುತ್ತಾ, ನಾಳೆಯಿಂದ ಏನನ್ನು ಹಿಡಿದು ಮಲಗುವುದು ಎಂದು ಯೋಚಿಸುತ್ತಿದ್ದೆ.

ಕೆರೆ ಬಂತು. ಚೀಟಿ ತಂದದ್ದಾಯಿತು. ನೀರಗಂಟಿ ನನ್ನ ಕೈಯನ್ನು ತಲೆಯ ಮೇಲಿಂದ ಹಾಯಿಸಿದ. ಬೆರಳ ತುದಿ ಕಿವಿಗೆ ಇನ್ನೇನು ತಾಕಬೇಕು, ತಾಕಲಿಲ್ಲ. “ಬರೋ ವರ್ಷಕ್ಕೆ ದೊಡ್ಡೋಳಾಗ್ತಾಳೆ ಬಿಡಮ್ಮ” ಎಂದು, ರೂಢಿಯಂತೆ ಕೇಳಿದ, “ಹುಡುಗಿ ಏನಾಗ್ಬೇಕು?”

ಅತ್ತೆ ಬೊಗಸೆಯಲ್ಲಿ ನೀರು ಹಿಡಿದು ನಿಂತಳು. ಎಷ್ಟು ಹೊತ್ತು ನಿಂತಳೆಂದರೆ ಬೆರಳುಗಳ ಸಂದಿಯಿಂದ ಅರ್ಧ ನೀರು ಸೋರಿಹೋಯಿತು. ಆಕಾಶದ ಒಂದು ಚೂರು ಅವಳ ಅಂಗೈಯಲ್ಲಿ ಅಲುಗಾಡುತ್ತಿದ್ದುದು ನನಗೆ ಇಂದಿಗೂ ಕಾಣುತ್ತದೆ.

“ನನ್ನ ಮಗಳು” ಎಂದಳು.

ನೀರಗಂಟಿ ಅವಳ ಮುಖವನ್ನು ನೋಡಿದ. ಹಿಂದಿನ ಉತ್ತರಗಳೆಲ್ಲ ಅವನಿಗೆ ನೆನಪಿದ್ದವು. “ನೀರು ಬಿಡಮ್ಮ” ಎಂದಷ್ಟೇ ಹೇಳಿದ. ಅವಳು ಬಿಟ್ಟಳು. ಆಮೇಲೆ ನನ್ನನ್ನು ಮೊಣಕಾಲುದ್ದ ನೀರಿನಲ್ಲಿ ನಿಲ್ಲಿಸಿ, ಹಿಂದಿನಿಂದ ತಬ್ಬಿ, ದಾರವನ್ನು ನನ್ನ ಬೆರಳಿಗೆ ಕೊಟ್ಟಳು. ಬೆಂಡು ಮುಳುಗಿತು. “ಮೆಲ್ಲಗಾ, ಮೆಲ್ಲಗಾ” ಎಂದಳು. ಮೀನಿಗೆ ಹೇಳಿದಳೋ ನನಗೋ. ಬೆರಳುದ್ದದ ಒಂದು ಕೆಂಡೆ ಮೀನು ಬೆಳಕಿನೊಳಕ್ಕೆ ಎದ್ದು ಬಂತು.

ಸಂಜೆ ಚಳ್ಳಕೆರೆಯಲ್ಲಿ ಅಪ್ಪನ ಮನೆಯ ಜಗುಲಿಯ ಮೇಲೆ ಕುಳಿತು ಅತ್ತೆ ನಡೆದದ್ದನ್ನು ನಡೆದ ಹಾಗೆಯೇ ಹೇಳಿದಳು. “ನೀರು ಹಿಡ್ಕಂಡು ಅಂದ್ಬಿಟ್ಟೀನಿ ಕಣಪ್ಪ. ಇನ್ನ ಇದನ್ನ ಸುಳ್ಳು ಮಾಡಿದ್ರೆ ಆ ದಾರ್‍ಯಾಗೆ ನಾನು ಹೆಂಗೆ ಓಡಾಡ್ಲಿ?”

ಅಪ್ಪ ಮೊದಲು ನಕ್ಕ. “ಒಂದು ಕೆಂಡೆ ಮೀನಿಗೆ ನನ್ನ ಮಗಳನ್ನ ತಗಂಡ್ಯೇನಕ್ಕ?”

“ಮೀನಿಗಲ್ಲ” ಎಂದಳು ಅತ್ತೆ.

ಒಳಗಿನಿಂದ ಚಿಕ್ಕಮ್ಮ ಏನೋ ಕೇಳಿದಳು, ಅಪ್ಪ ಎದ್ದು ಒಳಗೆ ಹೋದ. ಬೆಳಿಗ್ಗೆ ನಮ್ಮ ಗಾಡಿ ಹೊರಡುವಾಗ ನನ್ನ ಬಟ್ಟೆಯ ಗಂಟನ್ನು ತಾನೇ ತಂದು ಅದರೊಳಗಿಟ್ಟ.

ಆಮೇಲೂ ನಾನು ಅವಳನ್ನು ಅತ್ತೆ ಎಂದೇ ಕರೆದೆ. ನಾಲಿಗೆಗೆ ಅದೇ ರೂಢಿ. ಅವಳಿಗೂ ಬೇರೆಯದು ಬೇಕಿರಲಿಲ್ಲವೆಂದು ಅಂದುಕೊಂಡಿದ್ದೆ.

ನನ್ನ ಮಕ್ಕಳ ಕೈ ಕಿವಿ ಮುಟ್ಟುವ ಕಾಲಕ್ಕೆ ಅವಳು ಹಾಸಿಗೆ ಹಿಡಿದಳು. ಕೊನೆಯ ದಿನ ಕಣ್ಣು ಮುಚ್ಚಿದ್ದರೂ ತೋರುಬೆರಳು ಮಾತ್ರ ಹೊದಿಕೆಯ ಮೇಲೆ ಮೆಲ್ಲನೆ ಅಲುಗುತ್ತಿತ್ತು, ಯಾವುದೋ ದಾರವನ್ನು ಹಿಡಿದಂತೆ. ಓಣಿಯ ಹಿರಿಯರೊಬ್ಬರು, “ಬಾಯಿಗೆ ನೀರು ಬಿಡ್ಬೇಕು. ಹೊಟ್ಟೇಲಿ ಹುಟ್ಟಿದೋರು ಯಾರೂ ಇಲ್ವಲ್ಲ” ಎಂದರು.

ನಾನು ತಂಬಿಗೆಯಿಂದ ಬೊಗಸೆಗೆ ನೀರು ಹಾಕಿಸಿಕೊಂಡೆ. “ನಾನು ಮಗಳು” ಎಂದೆ. ಹಿರಿಯರು ಸರಿದು ಜಾಗ ಬಿಟ್ಟರು. ಅವಳ ತುಟಿಗೆ ನೀರು ಬಿಡುತ್ತಾ, ಮೆಲ್ಲಗಾ ಅವ್ವ, ಮೆಲ್ಲಗಾ ಎಂದೆ. ಬೆರಳು ನಿಂತಿತು.