ಕಣ್ಣು ಮುಚ್ಚಿ ಮೂಸಿದ ಹೂಗಳು

ಅಕ್ಟೋಬರ್ 9, ಬೆಳಿಗ್ಗೆ 6.20. ಕ್ಯಾಸಂಬಳ್ಳಿ ಪಕ್ಕದ ನಮ್ಮೂರಿನ ಹಾಲಿನ ಡೇರಿಯಲ್ಲಿ ನಾನು ಟೆಸ್ಟರ್. ಲ್ಯಾಕ್ಟೋಮೀಟರ್ ಇಳಿಸುವ ಮೊದಲು ಪ್ರತಿ ಕ್ಯಾನಿನ ಮುಚ್ಚಳ ತೆಗೆದು ಮೂಸಬೇಕು. ಅಂದು ನಲವತ್ತೊಂದು ಕ್ಯಾನ್ ಮೂಸಿದೆ. ಎಲ್ಲವೂ ಸರಿಯಿವೆ ಎಂದೆ.

ಒಂದು ಹುಳಿತಿತ್ತು.

ಯಾರೋ ಹಿಂದಿನ ಸಂಜೆಯ ಹಾಲು ಬೆರೆಸಿ ತಂದಿದ್ದರು. ಎಲ್ಲರ ಹಾಲನ್ನೂ ಒಂದೇ ಟ್ಯಾಂಕಿಗೆ ಸುರಿಯುವುದರಿಂದ ಇಡೀ ಊರಿನ ಹಾಲು ಕೆಟ್ಟಿತು. ಆಮೇಲೆ ಟ್ಯಾಂಕಿನ ಪಕ್ಕದಲ್ಲಿ ನಿಂತವರಿಗೆಲ್ಲ ಬಂದ ವಾಸನೆ ನನಗೆ ಬಂದಿರಲಿಲ್ಲ. ವಾರದ ಹಿಂದೆ ಜ್ವರ ಬಂದು ಹೋಗಿತ್ತು, ಅಷ್ಟೆ.

ಬಂಗಾರಪೇಟೆಯ ಇಎನ್‌ಟಿ ಡಾಕ್ಟರ್ ಮೂಗಿಗೆ ಸ್ಕೋಪ್ ಹಾಕಿ ನೋಡಿದರು. ವೈರಲ್ ಫೀವರ್‌ನಿಂದ ವಾಸನೆಯ ನರ್ವ್‌ಗೆ ಪೆಟ್ಟಾಗಿದೆ, ದಿನಾ ಬೇರೆಬೇರೆ ವಾಸನೆ ಮೂಸಿ ಸ್ಮೆಲ್ ಟ್ರೈನಿಂಗ್ ಮಾಡಿ ಎಂದರು. ತಿಂಗಳುಗಳು ಬೇಕು, ಬಾರದೆಯೂ ಇರಬಹುದು. ಡೇರಿಯವರು ಮುಂದಿನ ಮಳೆಗಾಲದವರೆಗೆ ಕಾಯುತ್ತೇವೆಂದರು. ಅಲ್ಲಿಯವರೆಗೆ ನನಗೆ ಕ್ಯಾನ್ ತೊಳೆಯುವ ಕೆಲಸ.

ನವೆಂಬರ್‌ನಲ್ಲಿ ಅಮ್ಮ ನನ್ನನ್ನು ಚಾಂಪಿಯನ್ ರೀಫ್ಸ್‌ನ ಹೂದೋಟಕ್ಕೆ ಕರೆದೊಯ್ದಳು. ಚಿನ್ನ ತೆಗೆದು ಉಳಿದ ಗಣಿಮಣ್ಣು ಸುರಿದ ಸೈನೈಡ್ ದಿಬ್ಬದ ಕೆಳಗೆ, ಹುಲ್ಲೂ ಸರಿಯಾಗಿ ಹುಟ್ಟದ ಬೂದುಮಣ್ಣಿನ ಜಾಗ. ಗಣಿ ಕಾಲೋನಿಯ ಹದಿನಾಲ್ಕು ಜನ ಕೆರೆಯ ಗೋಡುಮಣ್ಣು ತಂದು ಸುರಿದು, ಸರದಿಯ ಮೇಲೆ ಕೊಡದಲ್ಲಿ ನೀರು ಹೊತ್ತು ಅಲ್ಲಿ ಹೂ ಬೆಳೆಸಿದ್ದಾರೆ. ಸಂಬಳವಿಲ್ಲ, ಗೇಟಿಗೆ ಬೀಗವಿಲ್ಲ. ಹೂ ಕೀಳುವಂತಿಲ್ಲ, ಮೂಸಬೇಕೆಂದರೆ ಗಿಡದ ಮುಂದೆ ಬಗ್ಗಬೇಕು. ಅಷ್ಟು ಸೇವಂತಿಗೆಯನ್ನು ನಾನು ಒಂದೇ ಕಡೆ ನೋಡಿರಲಿಲ್ಲ.

ಡಿಸೆಂಬರ್ ಕೊನೆಗೆ ನನ್ನ ಡೈರಿಯಲ್ಲಿ: ಭೇಟಿ 19, ವಾಸನೆ ಬಂದದ್ದು 11. ನೀರು ಹೊರುವವರಲ್ಲಿ ಹಿರಿಯಳಾದ ಸೆಲ್ವಿಯಕ್ಕನಿಗೆ ಹೆಮ್ಮೆಯಿಂದ ತೋರಿಸಿದೆ. ಆಕೆ ಹೆಗಲ ಟವೆಲ್‌ನಿಂದ ನನ್ನ ಕಣ್ಣು ಕಟ್ಟಿ, ಕೈಹಿಡಿದು ನಾಲ್ಕು ಸುತ್ತು ತಿರುಗಿಸಿ, ಒಂದು ಗಿಡದ ಮುಂದೆ ಬಗ್ಗಿಸಿದಳು.

"ಇದೇನ್ಮಾ?"

"ಸೇವಂತಿಗೆ."

ಟವೆಲ್ ಬಿಚ್ಚಿದಳು. ಕನಕಾಂಬರ. ಅದಕ್ಕೆ ವಾಸನೆಯೇ ಇಲ್ಲ.

"ಕಣ್ಣು ಬಿಟ್ಕೊಂಡು ಮೂಸಿದ್ರೆ ಕಾಗ್ದದ್ ಊವೂ ಘಮ್ಮಂತದೆ ಕಣಮ್ಮ."

ಹನ್ನೊಂದನ್ನೂ ಹೊಡೆದುಹಾಕಿದೆ.

ನಾನು ಸುಳ್ಳು ಬರೆದಿರಲಿಲ್ಲ. ಕಣ್ಣು ಕಂಡದ್ದನ್ನು, ಮನಸ್ಸು ಬೇಡಿದ್ದನ್ನು ಮೂಗಿನ ಲೆಕ್ಕಕ್ಕೆ ಹಾಕಿದ್ದೆ. ತೋಟದವರು ಹಾಗೆ ಮಾಡುವವರಲ್ಲ. ಹೊಸದಾಗಿ ನೆಟ್ಟ ಕಡ್ಡಿ ಒಣಗಿದಂತೆ ಕಂಡರೂ ಸರದಿ ತಪ್ಪದೆ ನೀರು ಹಾಕುತ್ತಾರೆ. ಆದರೆ ಚಿಗುರು ಕಾಣುವವರೆಗೆ ಯಾರೂ ಅದು ಬದುಕಿತು ಎನ್ನುವುದಿಲ್ಲ. ಅವರನ್ನು ನೋಡಿ ನಾನೂ ಕಣ್ಣು ಕಟ್ಟಿಸಿಕೊಂಡೇ ಮೂಸತೊಡಗಿದೆ. ಅಂದು ಯಾರ ಸರದಿಯೋ ಅವರೇ ಟವೆಲ್ ಕಟ್ಟುತ್ತಿದ್ದರು.

ಜನವರಿ, ಸೊನ್ನೆ. ಫೆಬ್ರವರಿ, ಸೊನ್ನೆ. ಮಾರ್ಚ್‌ನಲ್ಲಿ ಮಲ್ಲಿಗೆ ಬಿರಿಯಿತು. ಸೊನ್ನೆ. ಬಸ್ಸಿನಲ್ಲಿ ಅತ್ತದ್ದು ಆ ತಿಂಗಳಲ್ಲೇ, ಎರಡು ಸಲ.

ಏಪ್ರಿಲ್ 17, ಸಂಜೆ 5. ಸೆಲ್ವಿಯಕ್ಕ ಕಣ್ಣು ಕಟ್ಟಿ ನಡೆಸುತ್ತಿದ್ದಳು. ನಾನು ಗಕ್ಕನೆ ನಿಂತೆ.

"ಅಕ್ಕಾ, ಏನೋ ಕೊಳೆತಿದೆ."

ಗೊಬ್ಬರಕ್ಕೆಂದು ಹೊಂಗೆ ಹಿಂಡಿ ನೆನೆಹಾಕಿದ ಡ್ರಮ್ ಪಕ್ಕದಲ್ಲಿತ್ತು. ಆಕೆಯ ಕೈ ನನ್ನ ಕೈಯನ್ನು ಬಿಗಿಯಾಗಿ ಹಿಡಿಯಿತು. ಆಮೇಲೆ ಉಳಿದವರನ್ನು ಕೂಗಿದಳು.

"ವಾಂಗೊ ವಾಂಗೊ, ಇಂಡಿ ನಾರ್ತದಂತೆ ಇವ್ಳಿಗೆ. ಐದ್ ತಿಂಗ್ಳು ಊವ ತೋರ್ಸಿದ್ದೆಲ್ಲ ದಂಡ, ಮೊದ್ಲೇ ಡ್ರಮ್ಮಲ್ಲಿ ತಲೆ ಇಡ್ಸ್‌ಬೇಕಿತ್ತು."

ಈಗ ಜುಲೈ. ಸುಗಂಧರಾಜ ಅರಳಿದೆ. ಕಣ್ಣು ಕಟ್ಟಿ ಹತ್ತು ಸಲ ಮೂಸಿದರೆ ಆರು ಸಲ ಸರಿ ಹೇಳುತ್ತೇನೆ. ಮಲ್ಲಿಗೆ ಮಾತ್ರ ಸುಟ್ಟ ರಬ್ಬರಿನಂತೆ ನಾರುತ್ತದೆ. ನರ್ವ್ ಮತ್ತೆ ಬೆಳೆಯುವಾಗ ಹೀಗಾಗುವುದುಂಟು, ಹೆದರಬೇಡಿ ಎಂದರು ಡಾಕ್ಟರ್. ಡೇರಿಯಲ್ಲಿ ಮತ್ತೆ ಮುಚ್ಚಳ ತೆಗೆಯುತ್ತಿದ್ದೇನೆ. ನಾನು ಮೂಸಿದ ಮೇಲೆ ಜೊತೆಯ ಮಂಜುಳಾ ಮೂಸುತ್ತಾಳೆ. ಇಬ್ಬರ ಮಾತು ಬೇರೆಯಾದರೆ ಅವಳದೇ ಕೊನೆಯ ಮಾತು. ಕಳೆದ ವಾರ ಎರಡು ಸಲ ಬೇರೆಯಾಯಿತು. ಸದ್ಯಕ್ಕೆ ಇಷ್ಟು ಸಾಕು.

ಓದುವವರಲ್ಲಿ ಯಾರಿಗಾದರೂ ಹೀಗಾಗಿದ್ದರೆ, ಮಲ್ಲಿಗೆ ಮತ್ತೆ ಮಲ್ಲಿಗೆಯಾಗಲು ಎಷ್ಟು ತಿಂಗಳು ಹಿಡಿಯಿತೆಂದು ದಯವಿಟ್ಟು ಬರೆದು ತಿಳಿಸಿ. ಸರಿಹೋಗಲೇ ಇಲ್ಲವೆಂದರೆ ಅದನ್ನೂ ಬರೆಯಿರಿ.