ಮುಯ್ಯಿಗೆ ಹೂವಪ್ಪ ಮೇಷ್ಟ್ರು ಬರೆದ ಅರ್ಥ

ಹುಂಚದಲ್ಲಿ ನನ್ನ ಜೊತೆ ಪಾಠ ಹೇಳುತ್ತಿದ್ದ ಹೂವಪ್ಪ ಮೇಷ್ಟ್ರಿಗೆ ಎಸ್ಪೆರಾಂಟೊ ಎಂಬ ಹುಚ್ಚು ಹಿಡಿದಿತ್ತು. ಜಗತ್ತಿನವರೆಲ್ಲ ಒಂದೇ ಮಾತಿನಲ್ಲಿ ಮಾತಾಡಲೆಂದು ಯುರೋಪಿನ ವೈದ್ಯನೊಬ್ಬ ಕಟ್ಟಿದ ಭಾಷೆಯಂತೆ. ಅಂಚೆಯಲ್ಲಿ ಪುಸ್ತಕ ತರಿಸಿಕೊಂಡು ಕಲಿತ. "ಹೆಡ್ ಮೇಷ್ಟ್ರ ಎದುರು ಬಾಯಿ ಬಿಡೋದಿಲ್ಲ, ಜಗತ್ತಿನ ಜೊತೆ ಎಂತ ಮಾತಾಡ್ತೀಯ ಮಾರಾಯ?" ಎಂದು ನಾನು ರೇಗಿಸುತ್ತಿದ್ದೆ. ಅವನು ನಕ್ಕು ಮತ್ತೆ ಪುಸ್ತಕ ಬಿಡಿಸುತ್ತಿದ್ದ.

ಅರವತ್ತನಾಲ್ಕರ ಬೇಸಿಗೆಯಲ್ಲಿ ಹಂಗೇರಿಯಿಂದ ಇಲೋನಾ ಎಂಬ ನಿವೃತ್ತ ಶಿಕ್ಷಕಿಯ ಕಾಗದ ಬಂತು. ಆಕೆಯದೊಂದು ಸಣ್ಣ ಪತ್ರಿಕೆ. ನಿಮ್ಮೂರಿನ ಬದುಕಿನ ಒಂದು ಪದ ಆರಿಸಿ ಅರ್ಥ ಬರೆಯಿರಿ ಎಂದು ಕೇಳಿದ್ದಳು. ಹೂವಪ್ಪ 'ಮುಯ್ಯಿ' ಆರಿಸಿದ. ಅವನು ಹುಟ್ಟಿದ್ದು ಶರಾವತಿ ದಂಡೆಯ ಗೇಣಿದಾರರ ಊರಿನಲ್ಲಿ. ಇವತ್ತು ನಿಮ್ಮ ಗದ್ದೆಯಲ್ಲಿ ಸಸಿ ನೆಡುವ ನೆಟ್ಟಿಗೆ ನಾವು ಬಂದರೆ ನಾಳೆ ನಮ್ಮದಕ್ಕೆ ನೀವು. ಕೂಲಿ ಇಲ್ಲ, ಮಧ್ಯಾಹ್ನದ ಊಟ ಗದ್ದೆಯವರದು. ಅದಕ್ಕೆ ಅವನು 'ರೆತ್ಸಿಪ್ರೋಕಾ ಹೆಲ್ಪೋ', ಅಂದರೆ ಪರಸ್ಪರ ಸಹಾಯ, ಎಂದು ಬರೆದು ತಾಯಿ ಕೆರಿಯಮ್ಮನಿಗೆ ವಿವರಿಸಿದ.

ಅವಳಿಗೆ ಅದು ಹಿಡಿಸಲಿಲ್ಲ. "ಸಾಯ ಅಲ್ಲ ಕಣಾ. ಸಾಯ ಮಾಡ್ದೋರು ಮನೀಗೆ ಹೋಗ್ತಾರೆ, ಮುಗೀತು. ಮುಯ್ಯಿ ಅಂದ್ರೆ ಮತ್ತೆ ಬರ್ಬೇಕು" ಎಂದಳು. ಓದು ಬಾರದ ಮುದುಕಿಯ ಮಾತು ಎಂದುಕೊಂಡು ನಾವಿಬ್ಬರೂ ನಕ್ಕೆವು. ಲೇಖನ ಅಂಚೆಗೆ ಹೋಯಿತು.

ಆ ಹೊತ್ತಿಗೆ ಅವರ ಊರೇ ಇರಲಿಲ್ಲ. ಅಣೆಕಟ್ಟಿನ ನೀರು ಬರುತ್ತದೆಂದು ಎಲ್ಲರನ್ನೂ ಎಬ್ಬಿಸಿದ್ದರು. ಕೆರಿಯಮ್ಮ ಮಗನ ಬಳಿಗೆ ಬಂದಳು. ನೆರೆಮನೆಯ ದುಗ್ಗಮ್ಮನಿಗೆ ಮುಳುಗುವ ನೆಲದ ಬದಲಿಗೆ ಮಂಡಗದ್ದೆ ಕಡೆ ಕಾಡು ಕೊಟ್ಟರು. ಹಿಂದಿನ ಮಳೆಗಾಲ ಕೆರಿಯಮ್ಮನ ಕೈ ಮುರಿದಿದ್ದಾಗ ಎರಡು ದಿನ ನೆಟ್ಟಿ ಮಾಡಿಕೊಟ್ಟವಳು ದುಗ್ಗಮ್ಮ. "ದುಗ್ಗಿ ಮುಯ್ಯಿ ಉಳ್ದೈತೆ" ಎಂದು ಮುದುಕಿ ದಿನವೂ ಒಂದೇ ಸಮನೆ ಹಲುಬಿದಳು. ಕೊನೆಗೆ ಆಷಾಢದ ಒಂದು ಭಾನುವಾರ ಮೂವರೂ ಬಸ್ಸು ಹತ್ತಿದೆವು.

ಅಲ್ಲಿ ಗದ್ದೆ ಇರಲಿಲ್ಲ. ಕಡಿದ ಮರಗಳ ಬುಡ, ಕಲ್ಲು, ಹುಲ್ಲಿನ ಒಂದು ಗುಡಿಸಲು. "ನೆಡಾಕೆ ಎಲ್ಲೈತೆ ಕೆರಿಯಕ್ಕಾ? ಒಳಗೆ ಬಾ, ಉಣ್ಣು" ಎಂದು ದುಗ್ಗಮ್ಮ ಕೈ ಹಿಡಿದಳು. ಸೀರೆ ಎತ್ತಿ ಕಟ್ಟಿ ತಯಾರಾಗಿ ನಿಂತಿದ್ದ ಕೆರಿಯಮ್ಮ, ಕೆಲಸ ಮಾಡದೆ ಮುಯ್ಯಾಳು ಉಣ್ಣಬಾರದೆಂದು ಹೊರಗೇ ಕುಳಿತುಬಿಟ್ಟಳು.

ಹೂವಪ್ಪನಿಗೆ ನೋಡಲಾಗಲಿಲ್ಲ. ದುಗ್ಗಮ್ಮನನ್ನು ಪಕ್ಕಕ್ಕೆ ಕರೆದು, "ಚಿಕ್ಕವ್ವಾ, ಮುಯ್ಯಿ ತೀರ್ತು ಅಂತ ಒಂದ್ಮಾತು ಹೇಳಿಬಿಡು. ಅವ್ವನ ಮನಸ್ಸು ಹಗುರಾಗ್ತದೆ" ಎಂದ. ಒಳ್ಳೆಯ ಮಾತೆಂದು ನಾನೂ ತಲೆಯಾಡಿಸಿದೆ. ಇಬ್ಬರು ಮೇಷ್ಟ್ರುಗಳು, ಬುದ್ಧಿ ಮಾತ್ರ ಇಬ್ಬರಿಗೂ ಇರಲಿಲ್ಲ.

ದುಗ್ಗಮ್ಮ ಅವನ ಮುಖವನ್ನೇ ತುಂಬ ಹೊತ್ತು ನೋಡಿದಳು. ಆಮೇಲೆ ಹೋಗಿ ಹೇಳಿದಳು, "ತೀರ್ತು ಅಕ್ಕಾ."

"ಅಂದ್ರೆ ನಾನಿನ್ನು ಬರಾದು ಬ್ಯಾಡೇನೇ ದುಗ್ಗೀ?" ಎಂದು ಕೆರಿಯಮ್ಮ ಚೀರಿದಳು. ಹೆಣದ ಮುಂದೆ ಅಳುವಂತೆ ಇಬ್ಬರೂ ಅತ್ತರು. ಹೂವಪ್ಪ ಬಿಳಿಚಿಕೊಂಡು ನಿಂತಿದ್ದ. ಸಂಜೆಯ ಬಸ್ಸಿಗೆ ವಾಪಸಾದೆವು.

ಲೇಖನ ಅಚ್ಚಾಯಿತು. ಎಷ್ಟು ಸುಂದರವಾದ ಪದ್ಧತಿ ಎಂದು ಇಲೋನಾ ಬರೆದಳು. ಹೂವಪ್ಪ ಉತ್ತರ ಬರೆಯಲಿಲ್ಲ, ಆ ಭಾಷೆಯನ್ನೂ ಬಿಟ್ಟ. ಕೆರಿಯಮ್ಮ ದುಗ್ಗಮ್ಮನ ಹೆಸರೆತ್ತುವುದನ್ನೇ ನಿಲ್ಲಿಸಿದಳು. ನನಗೆ ಈಗಲೂ ಆ ದಿನ ನೆನೆದರೆ ನಾಚಿಕೆಯಾಗುತ್ತದೆ.

ಎರಡು ವರ್ಷದ ಮೇಲೆ ತೀರ್ಥಹಳ್ಳಿ ಪೇಟೆಯಲ್ಲಿ ದುಗ್ಗಮ್ಮನ ಮಗ ಬೆಳ್ಳಪ್ಪ ನಮಗೆ ಸಿಕ್ಕಿದ. ತಾಯಿ ತೀರಿಕೊಂಡು ನಾಲ್ಕು ತಿಂಗಳಾಯಿತು ಎಂದ. ಒಂದು ಮಾತು ಯಾಕೆ ಹೇಳಿ ಕಳಿಸಲಿಲ್ಲ ಎಂದು ಹೂವಪ್ಪ ಕೇಳಿದ. ಬೆಳ್ಳಪ್ಪನಿಗೆ ಸಿಟ್ಟೇನೂ ಇರಲಿಲ್ಲ.

"ನಿಮ್ಗೂ ನಮ್ಗೂ ತೀರಿತ್ತಲ್ಲ ಮೇಷ್ಟ್ರೇ" ಎಂದ.