ಜಗಳವೇ ನನ್ನನ್ನು ದಡದಿಂದ ಎಬ್ಬಿಸಿತು

ಈ ಘಟನೆಯನ್ನು ಎಷ್ಟು ಜನರಿಗೆ ಹೇಳಿದ್ದೇನೆಂದರೆ, ಅದರಲ್ಲಿ ನಡೆದದ್ದೆಷ್ಟು, ನಾನು ಸೇರಿಸಿದ್ದೆಷ್ಟು ಎಂಬುದು ಈಗ ನನಗೇ ಖಾತ್ರಿಯಿಲ್ಲ. ಮೂರು ವರ್ಷದ ಹಿಂದೆ, ಮುಂಗಾರು ಶುರುವಾದ ಹೊಸದರಲ್ಲಿ ನಡೆದದ್ದು. ನೆನಪಿದ್ದಂತೆ ಬರೆಯುತ್ತೇನೆ.

ನಾನಾಗ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದ ಸಂಶೋಧನೆ ಮಾಡುತ್ತಿದ್ದೆ. ಹಿರೇಗುಂಟನೂರಿನ ಆಚೆ ಮಳೆನೀರು ಹೊಲಗಳ ನಡುವೆ ಆಳವಾದ ಕೊರಕಲು ಕೊರೆದಿತ್ತು. ಡ್ರೋನ್ ಹಾರಿಸಿ ಮೇಲಿನಿಂದ ನೂರಾರು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಜೋಡಿಸಿದರೆ ನೆಲದ ಏರುತಗ್ಗುಗಳ ನಕ್ಷೆ ಸಿಗುತ್ತದೆ. ಅದರಲ್ಲಿ ಗೇಣುದ್ದದ ತಗ್ಗೂ ಕಾಣುತ್ತದೆ. ಮಳೆಗಾಲದ ಆರಂಭದಲ್ಲೊಂದು, ಮುಗಿದ ಮೇಲೊಂದು ನಕ್ಷೆ ಮಾಡಿ ಹೋಲಿಸಿದರೆ ಎಲ್ಲಿ ಎಷ್ಟು ಮಣ್ಣು ಹೋಯಿತೆಂದು ತಿಳಿಯುತ್ತದೆ. ಡ್ರೋನ್ ನೋಡಿಕೊಳ್ಳುವುದು ಗೆಳೆಯ ಪ್ರಕಾಶನ ಕೆಲಸ. ನೆಲದ ಮೇಲೆ ಅಲ್ಲಲ್ಲಿ ಸುಣ್ಣದ ಗುರುತು ಹಾಕಿ, ಆ ಜಾಗವನ್ನು ಜಿಪಿಎಸ್ ಕೋಲಿನಿಂದ ಅಳೆಯುವುದು ನನ್ನದು.

ಕೊನೆಯ ಗುರುತನ್ನು ಕೊರಕಲಿನ ದಡದ ಮೇಲೆಯೇ ಹಾಕಿದೆ. ಅಳತೆ ಮುಗಿದಿತ್ತು. ಡ್ರೋನ್ ಇಳಿಯುವವರೆಗೆ ಅಲ್ಲೇ ಕಾಲು ಇಳಿಬಿಟ್ಟು ಕುಳಿತೆ.

"ಏನಪ್ಪಾ, ಯಾರ್ನ ಕೇಳಿ ನಮ್ಮ ಹೊಲ್ದಾಗೆ ಸುಣ್ಣ ಹಾಕ್ದೆ?"

ತಿರುಗಿ ನೋಡಿದರೆ ಐವತ್ತರ ಆಸುಪಾಸಿನ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದರು. ಹೆಸರು ತಿಪ್ಪಮ್ಮ ಎಂದು ಆಮೇಲೆ ತಿಳಿಯಿತು.

"ಮಳೆಗೆ ಮಣ್ಣು ಎಷ್ಟು ಕೊಚ್ಚಿ ಹೋಗುತ್ತೆ ಅಂತ ಅಳೀತಿದೀವಿ ಅಮ್ಮಾ," ಎಂದೆ.

"ಮಣ್ಣು ಹೋಗೋದು ನೋಡಾಕೆ ಅದನ್ನ ಮ್ಯಾಲೆ ಹಾರಿಸ್ಬೇಕಾ? ಕಣ್ಣಿಲ್ವಾ ನಿಂಗೆ? ನಮ್ಮ ಮೈದುನನ ಹೊಲಕ್ಕೂ ಹಿಂಗೇ ಸುಣ್ಣ ಹಾಕಿ ಹೋದ್ರು. ಆಮ್ಯಾಲೆ ಕಲ್ಲು ನೆಟ್ರು. ಈಗ ಅಲ್ಲಿ ರೋಡ್ ಐತೆ, ಹೊಲ ಇಲ್ಲ. ನಮಗಿರೋದು ಇದೊಂದೇ."

"ನಾವು ರೋಡಿನ ಆಫೀಸಿನವರಲ್ಲ. ಹೊಲ ಯಾರೂ ತಗೊಳಲ್ಲ."

"ಹಂಗಾರೆ ಬಾ. ನಮ್ಮತ್ತೆ ಬುತ್ತಿ ಬಿಚ್ಕಂಡು ಕುಂತವ್ರೆ. ಅವರ ಮುಂದೆ ರೊಟ್ಟಿ ಮುಟ್ಟಿ ಆಣೆ ಮಾಡು."

ಆಣೆ, ಪ್ರಮಾಣ ಇದ್ಯಾವುದರಲ್ಲೂ ನನಗೆ ನಂಬಿಕೆಯಿಲ್ಲ. ಡ್ರೋನ್ ಇಳಿದ ಮೇಲೆ ಬರುತ್ತೇನೆ ಎಂದೆ. ಅವರು ನನ್ನ ಪಕ್ಕದಲ್ಲಿದ್ದ ಜಿಪಿಎಸ್ ಕೋಲನ್ನು ಎತ್ತಿ ಹೆಗಲಿಗೇರಿಸಿಕೊಂಡು ನಡೆದೇಬಿಟ್ಟರು. ಅದು ವಿಭಾಗದ ಉಪಕರಣ, ಕಳೆದರೆ ನನ್ನ ಸಂಶೋಧನೆಯ ಕಥೆ ಮುಗಿದಂತೆ. "ಅಮ್ಮಾ, ಅದು ಕೊಡ್ರಿ!" ಎನ್ನುತ್ತಾ ಅವರ ಹಿಂದೆ ಓಡಿದೆ. ದೂರದಲ್ಲಿ ಪ್ರಕಾಶ ನಗುತ್ತಿದ್ದ.

ಬೇವಿನ ಮರದ ಕೆಳಗೆ ಅಜ್ಜಿ ಕುಳಿತಿದ್ದರು. ಮೊಣಕಾಲೂರಿ ರೊಟ್ಟಿ ಮುಟ್ಟಿ, "ಈ ಹೊಲ ಎಲ್ಲೂ ಹೋಗಲ್ಲ" ಎಂದೆ. ಆಗಲೇ ಹಿಂದೆ, ಗಾಡಿಯಿಂದ ಮಣ್ಣು ಸುರಿದಂತೆ ಭಾರವಾದ ಸದ್ದಾಯಿತು. ಹೀಗೆಂದು ನಾನು ಹೇಳುತ್ತೇನೆ. ನಾನಿನ್ನೂ ಮರದ ಹತ್ತಿರ ತಲುಪಿಯೇ ಇರಲಿಲ್ಲ ಎಂದು ಪ್ರಕಾಶ ಈಗಲೂ ವಾದಿಸುತ್ತಾನೆ. ಅವನ ಮಾತೇ ನಿಜವಿರಬಹುದು.

ತಿರುಗಿ ನೋಡಿದಾಗ ಸುಣ್ಣದ ಗುರುತು ಇರಲಿಲ್ಲ, ಅದಿದ್ದ ದಡವೂ ಇರಲಿಲ್ಲ. ಕೆಂಪು ಧೂಳು ಮಾತ್ರ ಏಳುತ್ತಿತ್ತು.

ಅಜ್ಜಿ ನನ್ನನ್ನೂ ಕೊರಕಲನ್ನೂ ನೋಡಿ, "ಹೋಗಲ್ಲ ಅಂತ ಆಣೆ ಮಾಡ್ದ, ಬಾಯಿ ಮುಚ್ಚೋದ್ರೊಳಗೆ ಹೊಲ ಹೋತು. ಎಂಥ ಕೈಗುಣ ಕಣಪ್ಪ ನಿಂದು!" ಎಂದರು.

ನಗಲು ಹೋದೆ, ಆಗಲಿಲ್ಲ. ಎದ್ದು ದಡದ ಕಡೆಗೇ ಎರಡು ಹೆಜ್ಜೆ ಇಟ್ಟೆ. ತಿಪ್ಪಮ್ಮ ಕೋಲನ್ನು ಮರಕ್ಕೆ ಒರಗಿಸಿ, ನನ್ನ ಭುಜ ಹಿಡಿದು ಕೂರಿಸಿದರು. "ಕುಂತ್ಕ ತಮ್ಮಾ. ನೀರು ಕುಡಿ. ನಿಮ್ಮವ್ವಂಗೆ ಏನಂತ ಹೇಳ್ಬೇಕಿತ್ತು ನಾವು?" ಎಂದರು. ಆಮೇಲೆ ಅದೇ ರೊಟ್ಟಿಯ ಮೇಲೆ ಹುಚ್ಚೆಳ್ಳು ಪುಡಿ ಹಾಕಿ ಕೈಗಿಟ್ಟರು. ಹೊಲದ ಒಂದು ತುಂಡು ಅವರ ಕಣ್ಣೆದುರೇ ಹೋಗಿತ್ತು. ಆದರೂ ಮೊದಲು ವಿಚಾರಿಸಿದ್ದು ನನ್ನನ್ನು.

ಮಳೆಗಾಲ ಮುಗಿದ ಮೇಲೆ ಎರಡನೆಯ ನಕ್ಷೆ ಮಾಡಿ, ಅದರ ಪ್ರತಿಯನ್ನು ಅವರಿಗೆ ಕೊಟ್ಟು ಬಂದೆ. ಮಣ್ಣು ಹೋದ ಜಾಗವೆಲ್ಲ ಅದರಲ್ಲಿ ಕೆಂಪಾಗಿತ್ತು. ಅದನ್ನು ಹಿಡಿದುಕೊಂಡು ಪಂಚಾಯಿತಿಗೆ ಹೋಗಿ ಅವರು ಜಗಳವಾಡಿರಬೇಕು. ಮರುವರ್ಷ ಹೋದಾಗ ಕೊರಕಲಿಗೆ ಅಡ್ಡಲಾಗಿ ಕಲ್ಲಿನ ತಡೆ ಎದ್ದಿತ್ತು.

ಆಣೆಯಲ್ಲಿ ನನಗೆ ಈಗಲೂ ನಂಬಿಕೆಯಿಲ್ಲ. ನನ್ನ ನೆನಪಿನ ಮೇಲಂತೂ ಇನ್ನೂ ಕಡಿಮೆ. ಭಯದಲ್ಲಿ ಎಲ್ಲವನ್ನೂ ದೊಡ್ಡದು ಮಾಡಿಕೊಂಡೆನೇ, ಕುಸಿದದ್ದು ನಾನು ಕುಳಿತಿದ್ದ ಜಾಗದಿಂದ ದೂರವಿತ್ತೇ ಎಂಬ ಅನುಮಾನ ಬಹಳ ದಿನ ಕಾಡಿತು. ತಿಪ್ಪಮ್ಮನಿಗೆ ನಾನು ಋಣಿ ಎಂದು ಹೇಳಿಕೊಳ್ಳುವ ಮೊದಲು ಅದು ನಿಜವೇ ಎಂದು ನೋಡಬೇಕೆನಿಸಿತು. ಕೊನೆಗೊಂದು ದಿನ, ಜಿಪಿಎಸ್‌ನಲ್ಲಿ ದಾಖಲಾಗಿದ್ದ ಆ ಕೊನೆಯ ಗುರುತಿನ ಜಾಗವನ್ನು ಎರಡನೆಯ ನಕ್ಷೆಯ ಮೇಲೆ ಇಟ್ಟು ನೋಡಿದೆ. ಅಲ್ಲಿ ನೆಲ ಎರಡಾಳುದ್ದ ಕೆಳಗಿತ್ತು.